ಪೆನ್ಸಿಲ್ಲಿನಲ್ಲಿ ಬರೆದ ಗೈರು

ಪೈಲಟ್‌ಗಳ ಸಂಘದ ಎದುರು ಮಾತುಕತೆಗೆ ಕುಳಿತಿರುವ, ವಿಮಾನ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಮಗಳು ಕೃತಿಕಾ ನಿಮ್ಮ ಕಂಪನಿಯಲ್ಲಿ ಸಹ ಪೈಲಟ್. ಕಳೆದ ತಿಂಗಳ ಹನ್ನೆರಡನೇ ತಾರೀಕು ಅವಳು ನಿಮ್ಮದೇ ಸಮವಸ್ತ್ರ ತೊಟ್ಟು, ನಿಮ್ಮದೇ ಅಧಿಕಾರಿಯ ಎದುರು ನಿಂತು, 'ನನಗೆ ವಿಪರೀತ ಆಯಾಸವಾಗಿದೆ, ಈ ಸ್ಥಿತಿಯಲ್ಲಿ ಇನ್ನೊಂದು ಹಾರಾಟ ಸುರಕ್ಷಿತವಲ್ಲ' ಎಂದು ಬರೆದುಕೊಟ್ಟಳು. ನಿಮ್ಮ ಕಡತದಲ್ಲಿ ಆ ದಿನ ಅವಳ ಹೆಸರಿನ ಮುಂದೆ 'ಅನುಮತಿಯಿಲ್ಲದೆ ಗೈರುಹಾಜರಿ' ಎಂದಿದೆ. ಎದುರಿಗೆ ನಿಂತವಳು ಗೈರು ಹೇಗಾದಳು? ಬೇರೆ ಯಾರಾದರೂ ಆಗಿದ್ದರೆ ಈ ಪ್ರಶ್ನೆ ಕೇಳಿ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದರು. ನನಗೆ ಕಾಯುವ ಅಗತ್ಯವಿಲ್ಲ, ಹೇಗಾದಳೆಂದು ನನಗೆ ಗೊತ್ತು.

ನಾನು ಸಕಲೇಶಪುರ ತಾಲ್ಲೂಕಿನ ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತೊಂಬತ್ತು ವರ್ಷ ರೈಟರ್ ಆಗಿದ್ದವನು. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ ಬರೆಯುವವನು, ಯಾರು ಯಾವ ಕೆಲಸಕ್ಕೆಂದು ಹಂಚುವವನು, ಮಾಲೀಕರ ಗದರಿಕೆಯನ್ನು ಆಳುಗಳು ವಾಸವಿರುವ ಲೈನ್ ಮನೆಗಳಿಗೂ ಲೈನ್ ಮನೆಗಳ ಗೊಣಗಾಟವನ್ನು ಮಾಲೀಕರಿಗೂ ಮುಟ್ಟಿಸುವವನು. ಕಾರ್ಮಿಕ ಸಂಘದವರು ಬೇಡಿಕೆ ಪಟ್ಟಿ ಹಿಡಿದು ಬಂದಾಗ ಮೇಜಿನ ಈಚೆ ಮಾಲೀಕರ ಪಕ್ಕ ಕೂರುತ್ತಿದ್ದವನೂ ನಾನೇ. ಹಾಗಾಗಿ ನೀವು ಕುಳಿತಿರುವ ಕುರ್ಚಿಯ ಪರಿಚಯ ನನಗೆ ಚೆನ್ನಾಗಿ ಇದೆ.

ಆ ಗೈರಿಗೆ ಕಾರಣ ಕೇಳಿ ಕೃತಿಕಾಳಿಗೆ ನಿಮ್ಮ ನೋಟಿಸ್ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ವಿಮಾನವೊಂದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತದೆ. ಶಬ್ದ ಕೇಳಿದರೆ ಕೈಲಿದ್ದ ಲೋಟ ಇಟ್ಟು ಅಂಗಳಕ್ಕೆ ಓಡುತ್ತೇನೆ. ಅದರಲ್ಲಿ ಕೃತಿಕಾ ಇಲ್ಲವೆಂದು ಗೊತ್ತು. ಅವಳನ್ನು ನೀವು ಹಾರಾಟದಿಂದ ಕೆಳಗಿಳಿಸಿದ್ದೀರಿ, ಅವಳು ನಮ್ಮ ಮನೆಯ ಒಳಗೇ ಇದ್ದಾಳೆ. ಆದರೂ ಮೇಲೆ ಹೋಗುವುದರಲ್ಲಿ ಇನ್ಯಾರದೋ ಮಗಳೋ ಮಗನೋ ಕೂತಿರುತ್ತಾರಲ್ಲ, ಅವರಿಗೆ ನಿದ್ದೆಯಾಗಿದೆಯೋ ಇಲ್ಲವೋ ಎಂದು ಕತ್ತೆತ್ತಿ ನಿಲ್ಲುತ್ತೇನೆ. 'ಒಂದ್ಕಡೆ ಕೂತ್ಕಳ್ರೀ, ನೀವು ನೋಡ್ತಾ ನಿಂತ್ರೆ ಅದು ಹುಷಾರಾಗಿ ಇಳಿದ್ಬುಡ್ತದಾ?' ಎನ್ನುತ್ತಾಳೆ ನನ್ನ ಹೆಂಡತಿ ಪಾರ್ವತಮ್ಮ. ಹಾಗಂದವಳೇ ಬಾಗಿಲಿಗೆ ಬಂದು ಸೆರಗು ಕಣ್ಣಿಗೆ ಅಡ್ಡ ಹಿಡಿದು ತಾನೂ ನೋಡುತ್ತಾಳೆ.

ನಿಮ್ಮ ಕರಡು ಒಪ್ಪಂದವನ್ನು ಕೃತಿಕಾಳ ಫೋನಿನಲ್ಲಿ ಎರಡು ಸಲ ಓದಿದೆ. ಒಂಬತ್ತನೇ ಕಲಮಿನಲ್ಲಿ ಎರಡು ಮಾತಿದೆ. ಮನೆಯಲ್ಲಿ ಕರೆಗಾಗಿ ಕಾಯುವ ಹೊತ್ತನ್ನು, ಅಂದರೆ ನೀವು ಸ್ಟ್ಯಾಂಡ್‌ಬೈ ಎನ್ನುವುದನ್ನು, ವಿಶ್ರಾಂತಿಯೆಂದು ಎಣಿಸಲಾಗುವುದು. ಆಯಾಸದ ಕಾರಣ ಕೊಟ್ಟು ಹಾರಾಟ ನಿರಾಕರಿಸಿದವರನ್ನು ಆ ದಿನಕ್ಕೆ ಗೈರುಹಾಜರೆಂದು ಪರಿಗಣಿಸಲಾಗುವುದು. ಎಷ್ಟು ಅಚ್ಚುಕಟ್ಟಾದ ಬರವಣಿಗೆ, ಮಾನ್ಯರೇ! ಮೊದಲ ಸಾಲಿನಲ್ಲಿ ನಿದ್ದೆಗೆಟ್ಟವರಿಗೆ ನಿದ್ದೆಯನ್ನು ನೀವೇ ಮಂಜೂರು ಮಾಡುತ್ತೀರಿ. ಎರಡನೆಯ ಸಾಲಿನಲ್ಲಿ, ಆದರೂ ಸುಸ್ತಾಗಿದೆ ಎಂದವರನ್ನೇ ಇಲ್ಲವಾಗಿಸುತ್ತೀರಿ. ವರ್ಷದ ಕೊನೆಗೆ ವರದಿ ತೆಗೆದು ನೋಡಿದರೆ ಗೈರುಹಾಜರಾದವರು ಇರುತ್ತಾರೆ, ಆಯಾಸಗೊಂಡವರು ಒಬ್ಬರೂ ಇರುವುದಿಲ್ಲ. ನಿಮ್ಮ ಪೈಲಟ್‌ಗಳಿಗೆ ಸುಸ್ತೇ ಆಗುವುದಿಲ್ಲವೆಂದು ನೀವು ಯಾವ ವೇದಿಕೆಯ ಮೇಲಾದರೂ ನಿಂತು ಹೇಳಬಹುದು.

ಹನ್ನೆರಡನೇ ತಾರೀಕಿಗೆ ಮುಂಚಿನ ಎರಡು ದಿನ ಕೃತಿಕಾ ಬೆಳಗಿನ ಜಾವ ಮೂರರಿಂದ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು, ಇಸ್ತ್ರಿ ಮಾಡಿದ ಸಮವಸ್ತ್ರವನ್ನು ಕುರ್ಚಿಗೆ ನೇತುಹಾಕಿ ಕಾದಿದ್ದಳು. ಕರೆ ಬರಲಿಲ್ಲ, ಬಂದೀತೆಂದು ಕಾದವಳಿಗೆ ನಿದ್ದೆಯೂ ಬರಲಿಲ್ಲ. ಮೂರನೇ ದಿನ ಜಾವಕ್ಕೇ ಕರೆ ಬಂತು. ಮಳೆಮೋಡದ ನಡುವೆ ಮೂರು ಊರುಗಳಲ್ಲಿ ಇಳಿದು ಹತ್ತಿದಳು. ಮಧ್ಯಾಹ್ನ ನಾಲ್ಕನೆಯ ಹಾರಾಟಕ್ಕೆ ಸಿದ್ಧವಾಗುವಾಗ ಕ್ಯಾಪ್ಟನ್ ಹೇಳಿದ ಎತ್ತರದ ಅಂಕಿಯನ್ನು ಎರಡು ಸಲ ತಪ್ಪಾಗಿ ಹೇಳಿದಳಂತೆ. ತಪ್ಪನ್ನು ಗಮನಿಸಿದವಳೂ ಅವಳೇ, ಎದ್ದು ಬಂದು ಬರೆದುಕೊಟ್ಟವಳೂ ಅವಳೇ. ನೂರ ಎಂಬತ್ತು ಜನ ಎರಡು ಗಂಟೆ ತಡವಾಗಿ ಊರು ಮುಟ್ಟಿದರು. ಮುಟ್ಟಿದರು ಎಂಬುದನ್ನು ದಯವಿಟ್ಟು ಗಮನಿಸಬೇಕು.

ಈಗ ನೀವು ಸಂಘದ ಮುಂದೆ ಒಂದು ಔದಾರ್ಯ ಇಟ್ಟಿದ್ದೀರಿ. ಸಂಘ ಒಂಬತ್ತನೇ ಕಲಮಿಗೆ ಒಪ್ಪಬೇಕು, ಕೃತಿಕಾ ಕ್ಷಮಾಪಣೆ ಬರೆದುಕೊಡಬೇಕು, ಆಗ ನೋಟಿಸ್ ವಾಪಸ್. ಇಲ್ಲವಾದರೆ ಅವಳು ಕೆಲಸದಿಂದ ವಜಾ. ಸೋಮವಾರದೊಳಗೆ ಉತ್ತರ ಬೇಕು. ಈ ಪಟ್ಟು ನನಗೆ ಹೊಸದಲ್ಲ. ಒಂದು ವರ್ಷ ನಮ್ಮ ಆಳುಗಳು ದುಡಿಮೆಯ ಹೊತ್ತಿನ ವಿಚಾರ ಎತ್ತಿದಾಗ ನಾವು ಮೊದಲು ಟೀ, ಬನ್ನು ತರಿಸಿದೆವು. ಆಮೇಲೆ ಮಾಲೀಕರು ಎದೆಯ ಮೇಲೆ ಕೈಯಿಟ್ಟು 'ನಾವೆಲ್ಲ ಒಂದೇ ಮನೆಯವ್ರು ಕಣ್ರೀ' ಎಂದರು. ಕೊನೆಗೆ ತಲೆಗೊಂದು ಕಂಬಳಿ ಕೊಟ್ಟು ಹೊತ್ತಿನ ಮಾತನ್ನು ಮುಂದಿನ ವರ್ಷಕ್ಕೆ ತಳ್ಳಿದೆವು. ಪೈಲಟ್‌ಗಳಿಗೆಲ್ಲ ಹೊಸ ಸೂಟ್‌ಕೇಸ್ ಕೊಡಲಾಗುವುದೆಂದು ನಿಮ್ಮ ಮೂರನೇ ಕಲಮಿನಲ್ಲಿ ಓದಿದಾಗ ನನಗೆ ಆ ಕಂಬಳಿಗಳು ನೆನಪಾದವು. ನೀವೂ ಪತ್ರಿಕಾ ಹೇಳಿಕೆಯಲ್ಲಿ ಕುಟುಂಬ ಎಂಬ ಪದವನ್ನು ನಾಲ್ಕು ಸಲ ಬಳಸಿದ್ದೀರಿ. ಸುಸ್ತಾಗಿದೆ ಎಂದ ಮಗಳಿಗೆ ಕಾರಣ ಕೇಳಿ ನೋಟಿಸ್ ಕೊಡುವ ಕುಟುಂಬ ಯಾವ ಸೀಮೆಯಲ್ಲಿದೆ, ಸ್ವಲ್ಪ ತಿಳಿಸಿ.

ಇಷ್ಟು ಬರೆದು ನಿಲ್ಲಿಸಿದ್ದರೆ ನಾನೂ ಒಬ್ಬ ಸಜ್ಜನ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಇನ್ನೊಂದು ವಿಷಯ ಬರೆಯದೆ ನನಗೆ ಸಮಾಧಾನವಿಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಜನವರಿ ತಿಂಗಳು, ಕಾಫಿ ಕುಯ್ಲಿನ ಭರಾಟೆ. ಲಕ್ಕಪ್ಪ ನಮ್ಮ ಎಸ್ಟೇಟಿನ ಟ್ರ್ಯಾಕ್ಟರ್ ಡ್ರೈವರ್. ಆ ವಾರ ಆನೆ ಹಿಂಡೊಂದು ತೋಟದೊಳಗೇ ಬೀಡುಬಿಟ್ಟಿತ್ತು. ಕಾಫಿ ಒಣಗಿಸುವ ಕಣಕ್ಕೆ ನುಗ್ಗದಂತೆ ಪಟಾಕಿ ಹಿಡಿದು ಕಾಯಲು ಆಳು ಸಾಲದೆ, ನಾನು ಲಕ್ಕಪ್ಪನನ್ನೂ ಎರಡು ರಾತ್ರಿ ಕಾವಲಿಗೆ ಹಾಕಿದೆ. ಹಗಲು ಟ್ರ್ಯಾಕ್ಟರ್, ರಾತ್ರಿ ಕಾವಲು. ಕಾವಲನ್ನು ನಾವು ಕೆಲಸವೆಂದು ಎಣಿಸುತ್ತಿರಲಿಲ್ಲ. ಬೆಂಕಿ ಮುಂದೆ ಕೂತಿರುವುದು ವಿಶ್ರಾಂತಿ ತಾನೇ? ಆನೆ ಬಂದರೆ ಏಳುವುದು, ಬಾರದಿದ್ದರೆ ಕೂರುವುದು. ನಿಮ್ಮ ಒಂಬತ್ತನೇ ಕಲಮಿನ ಮೊದಲ ಸಾಲನ್ನು ನಾನು ನಿಮಗಿಂತ ಮೊದಲೇ ಬರೆದಿದ್ದೆ.

ಮೂರನೇ ದಿನ ಸಂಜೆ ನಾಲ್ಕರ ಹೊತ್ತಿಗೆ ಲಕ್ಕಪ್ಪ ಆಫೀಸಿನ ಜಗಲಿಗೆ ಬಂದ. ತೋಟದ ಮೇಲಿನ ಬ್ಲಾಕಿನಿಂದ ಕಾಫಿ ಹಣ್ಣಿನ ಮೂಟೆಗಳನ್ನೂ ಹೆಣ್ಣಾಳುಗಳನ್ನೂ ಇಳಿಸಿ ತರುವ ಕೊನೆಯ ಟ್ರಿಪ್ ಬಾಕಿಯಿತ್ತು. 'ರೈಟ್ರೇ, ಕಣ್ಣು ಎಳೀತಾ ಐತೆ. ಇದೊಂದ್ ಟ್ರಿಪ್ ಬ್ಯಾರೆ ಯಾರ್ನಾದ್ರೂ ಕಳ್ಸಿ. ಇಲ್ಲಾಂದ್ರೆ ಮೂಟೆ ಅಲ್ಲೇ ಇರ್ಲಿ, ಬೆಳಿಗ್ಗೆ ತರ್ತೀನಿ' ಎಂದ. ನಮ್ಮಲ್ಲಿ ಹಾಜರಿ ಪುಸ್ತಕಕ್ಕೆ ಎರಡು ಬರಹ. ಹಗಲು ಪೆನ್ಸಿಲ್ಲಿನಲ್ಲಿ ಗುರುತು, ಕೆಲಸ ಬಿಟ್ಟ ಮೇಲೆ ಅದರ ಮೇಲೆ ಶಾಯಿ. ಅನುಕೂಲಕ್ಕೆಂದು ಮಾಡಿಕೊಂಡ ಪದ್ಧತಿ, ಆಳುಗಳ ಅನುಕೂಲಕ್ಕಲ್ಲ. ನಾನು ಲಕ್ಕಪ್ಪನ ಜೊತೆ ವಾದ ಮಾಡಲಿಲ್ಲ. ಪುಸ್ತಕವನ್ನು ಅವನಿಗೆ ಕಾಣುವ ಹಾಗೆ ತಿರುಗಿಸಿ, ಬೆಳಿಗ್ಗೆ ಹಾಕಿದ್ದ ಗುರುತನ್ನು ರಬ್ಬರಿನಿಂದ ಉಜ್ಜಿ, 'ಗೈರು' ಎಂದು ಬರೆದೆ. 'ಟ್ರಿಪ್ ಮುಗಿಸ್ಕೊಂಡ್ ಬಾ, ಅಳಿಸ್ತೀನಿ' ಎಂದೆ. ಅವನು ಪುಸ್ತಕ ನೋಡಿದ, ನನ್ನ ಮುಖ ನೋಡಿದ, ಹೋಗಿ ಟ್ರ್ಯಾಕ್ಟರ್ ಹತ್ತಿದ. ಎಂಟು ವರ್ಷದ ಕೃತಿಕಾ ಅದೇ ಜಗಲಿಯ ಮೂಲೆಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು.

ಇಳಿಜಾರಿನ ಎರಡನೇ ತಿರುವಿನಲ್ಲಿ ಲಕ್ಕಪ್ಪ ಒಂದು ಗಳಿಗೆ ತೂಕಡಿಸಿದ. ಟ್ರೈಲರ್ ಮಗುಚಿತು. ಅದರಲ್ಲಿ ಹನ್ನೊಂದು ಹೆಣ್ಣಾಳುಗಳಿದ್ದರು. ಯಾರೂ ಸಾಯಲಿಲ್ಲ. ದಿನಾ ಬೆಳಿಗ್ಗೆ ಕೃತಿಕಾಳಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದ ಗಂಗಾಮಣಿಯ ತೊಡೆಯ ಮೂಳೆ ಮುರಿಯಿತು, ಅವಳು ಇವತ್ತಿಗೂ ಕುಂಟುತ್ತಾಳೆ. ಗಾಯಾಳುಗಳನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಮಾಲೀಕರು ಬಂದು ಹಾಜರಿ ಪುಸ್ತಕ ಕೇಳಿದರು. ಲಕ್ಕಪ್ಪನ ಹೆಸರಿನ ಮುಂದಿದ್ದದ್ದನ್ನು ಓದುತ್ತಲೇ ಅವರ ಹಣೆಯ ಗಂಟು ಸಡಿಲವಾಯಿತು. 'ಹಂಗಾದ್ರೆ ಇವ್ನು ಕೆಲ್ಸದಲ್ಲೇ ಇರ್ಲಿಲ್ಲ. ಹೇಳ್ದೆ ಕೇಳ್ದೆ ಗಾಡಿ ತಗಂಡ್ ಹೋಗವ್ನೆ' ಎಂದರು. ರಬ್ಬರ್ ನನ್ನ ಜೇಬಿನಲ್ಲೇ ಇತ್ತು. ನಾನು ಪೆನ್ನು ತೆಗೆದು 'ಗೈರು' ಎಂಬುದರ ಮೇಲೆ ಶಾಯಿ ಎಳೆದೆ. ವಾರದೊಳಗೆ ಲಕ್ಕಪ್ಪ ಲೈನ್ ಮನೆ ಖಾಲಿ ಮಾಡಿದ.

ಇಷ್ಟಾದವನು, ಮಗಳು ನೋಟಿಸ್ ಹಿಡಿದು ಮನೆಗೆ ಬಂದಾಗ ಏನು ಹೇಳಿದೆ ಗೊತ್ತೇ? 'ಬರ್ಕೊಟ್ಬುಡು ಕೃತಿ, ಒಂದು ಹಾಳೆ ತಾನೇ. ಕೆಲ್ಸ ಉಳೀತದೆ' ಎಂದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. 'ಅಪ್ಪಾಜಿ, ಅವತ್ತು ಲಕ್ಕಪ್ಪಣ್ಣ ಕಣ್ಣು ಎಳೀತಾ ಐತೆ ಅಂದಿದ್ದು ನಂಗೆ ಕೇಳಿಸಿತ್ತು. ನೀವು ಬರ್ದಿದ್ದೂ ನೋಡಿದ್ದೆ. ಮೊನ್ನೆ ಅಂಕಿ ತಪ್ಪಿದಾಗ ಮೊದ್ಲು ನೆನಪಾಗಿದ್ದೇ ಆ ಟ್ರೈಲರ್. ನಾನು ತಪ್ಪಾಯ್ತು ಅಂತ ಬರ್ಕೊಟ್ರೆ ನಾಳೆಯಿಂದ ಸುಸ್ತಾಗಿದೆ ಅಂತ ಒಬ್ರೂ ಬಾಯಿ ಬಿಡಲ್ಲ' ಎಂದಳು. ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಆ ಮಾತೆತ್ತಿರಲಿಲ್ಲ. ಸಂಘದವರಿಗೂ ಅವಳು ಹೇಳಿಬಿಟ್ಟಿದ್ದಾಳೆ, ತನ್ನ ಕೆಲಸ ಉಳಿಸಲು ಒಂಬತ್ತನೇ ಕಲಮಿಗೆ ಒಪ್ಪಬೇಡಿ ಎಂದು. ನಾನು ನಾಚಿಕೆಯಿಂದ ತಟ್ಟೆ ಬಿಟ್ಟು ಎದ್ದೆ.

ಮರುದಿನ ಬಸ್ ಹತ್ತಿ ಆಲೂರು ತಾಲ್ಲೂಕಿನ ಪಾಳ್ಯಕ್ಕೆ ಹೋದೆ. ಲಕ್ಕಪ್ಪ ಅಲ್ಲಿ ಅಣ್ಣನ ಜೊತೆ ರಾಗಿ ಬೆಳೆದುಕೊಂಡು ಇದ್ದಾನೆ. ಆ ದಿನದಿಂದ ಈಚೆಗೆ ಅವನು ಯಾವ ಗಾಡಿಯ ಸ್ಟೀರಿಂಗನ್ನೂ ಮುಟ್ಟಿಲ್ಲವಂತೆ. ನನ್ನನ್ನು ಕಂಡು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಂಡೊಯ್ದಿದ್ದೆ. ಅವನಿಗೆ ಓದಿ ಹೇಳಿದೆ, ಅವನ ಕೈಗೆ ಕೊಟ್ಟೆ. ಎಸ್ಟೇಟಿಗೂ ಒಂದು ಪ್ರತಿ ಕಳಿಸಿದ್ದೇನೆ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಲಕ್ಕಪ್ಪ ಕೇಳಿದ್ದು ಇಷ್ಟೇ: 'ಮಗೀಗೆ ಕೆಲ್ಸ ಹೋಗ್ಬುಡ್ತದಾ ರೈಟ್ರೇ?' ಗೊತ್ತಿಲ್ಲ ಎಂದೆ.

ಅದು ನಿಮಗೆ ಗೊತ್ತಿದೆ. ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಒಂಬತ್ತನೇ ಕಲಮಿನ ಎರಡೂ ಸಾಲುಗಳನ್ನು ಸೋಮವಾರಕ್ಕೆ ಮುಂಚೆ ತೆಗೆದುಹಾಕಿ. ಕಾಯುವುದು ಕಾಯುವುದೇ, ವಿಶ್ರಾಂತಿಯಲ್ಲ ಎಂದು ಬರೆಯಿರಿ. ಕೃತಿಕಾಳಿಗೆ ಕೊಟ್ಟ ನೋಟಿಸನ್ನು ಯಾವ ಕ್ಷಮಾಪಣೆಯನ್ನೂ ಕೇಳದೆ ವಾಪಸ್ ಪಡೆದು, ಹನ್ನೆರಡನೇ ತಾರೀಕಿನ ಮುಂದೆ ನಡೆದದ್ದನ್ನು ನಡೆದ ಹಾಗೆ ದಾಖಲಿಸಿ: ಬಂದಿದ್ದಳು, ಆಯಾಸವಾಗಿತ್ತು, ಹೇಳಿದಳು. ನಿಮ್ಮ ಬರಹ ಇನ್ನೂ ಪೆನ್ಸಿಲ್ಲಿನಲ್ಲೇ ಇದೆ, ಅಳಿಸಲು ನಿಮಗೆ ಇನ್ನೂ ಹೊತ್ತಿದೆ.

ಪಾಳ್ಯದಿಂದ ಹೊರಡುವಾಗ, ಪತ್ರಿಕೆಗೂ ಬರೆಯುತ್ತೇನೆ, ನಿನ್ನ ಹೆಸರು ಹಾಕಲೇ ಎಂದು ಲಕ್ಕಪ್ಪನನ್ನು ಕೇಳಿದೆ. ಅವನು ಬಸ್ಸಿನ ಕಿಟಕಿಯ ಹತ್ತಿರ ಬಂದು ನಿಂತು ಹೇಳಿದ: 'ಹಾಕಿ ರೈಟ್ರೇ. ಗೈರು ಅಂತ ಮಾತ್ರ ಬರೀಬ್ಯಾಡಿ. ಅವತ್ತು ನಾನು ಇದ್ದೆ.'

ಇಂತಿ,
ರಬ್ಬರ್ ಜೇಬಿನಲ್ಲಿದ್ದೂ ಅಳಿಸದೆ ಹೋದ
ಸಿದ್ದಬಸಪ್ಪ
ನಿವೃತ್ತ ಎಸ್ಟೇಟ್ ರೈಟರ್, ಹಾನುಬಾಳು