ಬಿಸಿಲಿಗೆ ಹೋಗುವ ಕಲೆ

ಬ್ರಹ್ಮಾವರ, ಭಾನುವಾರ

ಮುತ್ತಕ್ಕನಿಗೆ ವಿನಯಾಳ ನಮಸ್ಕಾರ.

ನೀವು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮೂರು ಶಂಕರನಾರಾಯಣಕ್ಕೆ ಬರುವ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಆ ಮದುವೆಯ ದಿನ, ನಾವಿಬ್ಬರೂ ಗುಡಿಸಿ ಒರೆಸುವ ಹಾಲ್‌ನ ಬಿಳಿ ಮಾರ್ಬಲ್ ಮೇಲೆ ಆರತಿಯ ಅರಿಶಿನ ಸುಣ್ಣದ ನೀರು ಚೆಲ್ಲಿದಾಗ ನೀವು ಹೇಳಿದ್ದಿರಿ: "ತಿಕ್ಬೇಡ ಮರಾಯ್ತಿ. ನಾಕ್ ದಿನ ಬಿಸ್ಲ್ ಬಿದ್ರೆ ತನ್ನಷ್ಟಕ್ಕೇ ಹೋತ್ತ್." ನನಗೆ ತಾಳ್ಮೆ ಇರಲಿಲ್ಲ. ನೀವು ಊಟಕ್ಕೆ ಹೋದಾಗ ಟಾಯ್ಲೆಟ್ ಟೈಲ್ಸಿಗೆ ಹಾಕುವ ಆಸಿಡ್ ತಂದು ಸುರಿದೆ. ನೊರೆ ಎದ್ದು ಕಲ್ಲಿನ ಹೊಳಪೆಲ್ಲ ಸುಟ್ಟುಹೋಯಿತು.

ಆಸಿಡ್ ಇರುವುದು ನಿಮ್ಮ ಸುಪರ್ದಿಯಲ್ಲಿ ಎಂದು ಮಾಲೀಕರು ನಿಮ್ಮನ್ನೇ ಬೈದು ಕೆಲಸ ಬಿಡಿಸಿ ಮನೆಗೆ ಕಳಿಸಿದರು. ನಾನು ಮಾಪ್ ಹಿಂಡುತ್ತಾ ನಿಂತಿದ್ದೆ. ನೀವು ನನ್ನತ್ತ ಒಮ್ಮೆ ನೋಡಿ, ಸ್ಟೋರ್ ರೂಮಿನ ಕೀಲಿ ಮೇಜಿನ ಮೇಲಿಟ್ಟು ಹೊರಟಿರಿ.

ಇವತ್ತು ಮಾಲೀಕರಿಗೆ ನಿಜ ಹೇಳಿದೆ. "ಮುತ್ತಕ್ಕಂಗೆ ಬಪ್ಪುಕೆ ಹೇಳ್" ಎಂದರು. ದಯವಿಟ್ಟು ಬನ್ನಿ. ಸ್ಟೋರ್ ರೂಮಿನ ಕೀಲಿ ವಾಚ್‌ಮನ್ ಹತ್ತಿರ ಇದೆ. ನಾನು ನಾಳೆಯಿಂದ ಅಲ್ಲಿರುವುದಿಲ್ಲ.

ಇನ್ನೊಂದು ಮಾತು. ಕಿಟಕಿಯ ಬಿಸಿಲು ಬೀಳುವ ಕಂಬದ ಬುಡಕ್ಕೂ ಅವತ್ತು ಆರತಿಯ ನೀರು ಹಾರಿತ್ತೆಂದು ವಾಚ್‌ಮನ್ ಹೇಳಿದ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಹುಡುಕಿದರೂ ಅಲ್ಲಿ ಕಲೆಯಿಲ್ಲ, ಮುತ್ತಕ್ಕ.

ನಿಮ್ಮಿಂದ ಕೆಲಸ ಕಲಿತ
ವಿನಯಾ