ಕಿವಿಗೆ ಕೇಳಿಸದ ಗುರುತು ಮತ್ತು ನನ್ನ ಹೆಂಡತಿಯ ಸೀಡಿ

ಧ್ವನಿಮುದ್ರಣ ಕಂಪನಿಯ ನಕಲು ತಡೆ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಕಳ್ಳನೆಂದು ನಿಮ್ಮ ಯಂತ್ರ ಪತ್ತೆ ಹಚ್ಚಿದೆ, ಒಪ್ಪಿದೆ. ಆದರೆ ಹಿಂದೂಪುರದ ನನ್ನ ಮನೆಯಿಂದ ನಿಮ್ಮವರು ಒಯ್ದ ಸೀಡಿ ಆರು ತಿಂಗಳಾದರೂ ಹಿಂದಿರುಗಿಲ್ಲ. ಮೂರು ಪತ್ರ ಬರೆದೆ. ಒಂದು ಸಾಲಿನ ಉತ್ತರವಿಲ್ಲ. ಅದಕ್ಕೇ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಭ್ರಮರಾಂಬ ತತ್ವಪದ ಹಾಡುತ್ತಿದ್ದಳು. ನಮ್ಮವರಲ್ಲಿ ಯಾರಾದರೂ ಶಿವೈಕ್ಯರಾದರೆ ಅವರನ್ನು ಕೂರಿಸಿ, ಮುಂದೆ ಭಜನೆ ಮಾಡುವುದು ಪದ್ಧತಿ. ಪೆನುಕೊಂಡದಿಂದ ಚಿಲಮತ್ತೂರಿನವರೆಗೆ ಸಾವಿನ ಮನೆಯವರು ಮೊದಲು ಹೇಳಿಕಳಿಸುತ್ತಿದ್ದುದು ಇವಳಿಗೇ. 2005ರಲ್ಲಿ ನೀವೇ ಬೆಂಗಳೂರಿಗೆ ಕರೆಸಿ ಎಂಟು ಪದ ಹಾಡಿಸಿದಿರಿ. ಬಿಡುಗಡೆಗೆ ಮುಂಚೆ, ತಪ್ಪಿದ್ದರೆ ತಿಳಿಸಿ ಎಂದು ಒಂದು ಸೀಡಿ ಕಳಿಸಿ, ಯಾರಿಗೂ ಕೊಡಕೂಡದೆಂಬ ಕಾಗದಕ್ಕೆ ನನ್ನ ಸಹಿ ಪಡೆದಿರಿ. ಎಷ್ಟು ಕಾಪಿ ಮಾಡಿದರೂ ಅಳಿಯದ, ಕಿವಿಗೆ ಕೇಳಿಸದ ಗುರುತೊಂದನ್ನು ನನ್ನ ಹೆಸರಿಗೆ ಅದರೊಳಗೆ ಹುದುಗಿಸಿದ್ದನ್ನು ಮಾತ್ರ ಹೇಳಲಿಲ್ಲ. ತಮ್ಮ ವಿಜ್ಞಾನಕ್ಕೆ ದೊಡ್ಡ ನಮಸ್ಕಾರ.

ಸೀಡಿ ಬಂದ ವಾರಕ್ಕೇ ಅವಳು ತೀರಿಕೊಂಡಳು. ಎದುರು ಕೂತು ಹಾಡುವವರಿಲ್ಲ. ಕಲ್ಯಾಣದುರ್ಗದಿಂದ ಬಂದ ಅವಳ ತಂಗಿ ದ್ರಾಕ್ಷಾಯಣಮ್ಮ, "ಬಾವ, ಅಕ್ಕ ಊರೋರ್ನೆಲ್ಲ ಹಾಡಿ ಕಳಿಸ್ಕೊಟ್ಳು. ಅವಳ್ನ ಹಿಂಗೇ ಸುಮ್ಕೆ ಕಳಿಸ್ಬುಡ್ತೀರಾ?" ಎಂದು ಅತ್ತಳು. ಸೀಡಿ ಹಾಕಿದೆ. ತನ್ನ ಸಾವಿಗೆ ತಾನೇ ಹಾಡಿದಳು, ಸ್ವಾಮಿ! ಆಮೇಲೆ ನೆಂಟರು, "ನಮ್ಗೂ ಒಂದೊಂದು ಕಾಪಿ ಇರ್ಲಿ ಕಣಪ್ಪ" ಎಂದರು. ದ್ರಾಕ್ಷಾಯಣಮ್ಮನ ಕೈಗೆ ಕೊಟ್ಟೆ; ಕಾಪಿ ಮಾಡಿಸಿ ಸೀಡಿ ನನಗೆ ಮರಳಿಸಿದಳು. ಕಲ್ಯಾಣದುರ್ಗದ ಅಂಗಡಿಯವನು ನೆಂಟರಿಗೆ ನಾಲ್ಕು ಮಾಡಿಕೊಟ್ಟು, ತಾನೂ ಇನ್ನಷ್ಟು ಮಾಡಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ರಾಶಿ ಹಾಕಿ ಮಾರಿಬಿಟ್ಟ. ತಪ್ಪು ನನ್ನದೇ. ಸಾವಿನ ಮನೆಯಲ್ಲಿ ಕರಾರುಪತ್ರ ತೆಗೆದು ಓದುವ ಬುದ್ಧಿ ನನಗೆ ಬರಲಿಲ್ಲ. ನಿಮಗಾದರೆ ಬರುತ್ತಿತ್ತೇ?

ಆ ಕಾಪಿಗಳಲ್ಲಿದ್ದ ನನ್ನ ಗುರುತು ಹಿಡಿದು ಬಂದ ನಿಮ್ಮವರು ನನ್ನ ಸೀಡಿಯ ಜೊತೆಗೆ ನೆಂಟರ ಕಾಪಿಗಳನ್ನೂ ಬಾಚಿಕೊಂಡು ಹೋದರು. ಬಿಡುಗಡೆಯಾದ ಸೀಡಿ ಅಂಗಡಿಗೆ ಬಂದಿದೆಯಲ್ಲ, ಕೊಂಡುಕೊಳ್ಳಿ ಎಂದರು. ಕೊಂಡೆ. ಹಾಡು ಚೊಕ್ಕವಾಗಿವೆ. ಆದರೆ ನನ್ನ ಸೀಡಿಯಲ್ಲಿ ಐದನೆಯ ಪದಕ್ಕೆ ಮುಂಚೆ ಅವಳು ಕೆಮ್ಮಿ, ನಿಮ್ಮ ಸ್ಟುಡಿಯೋದ ಗಾಜಿನಾಚೆ ಕೂತಿದ್ದ ನನಗೆ, "ಏನ್ರೀ, ಅಲ್ಲೇ ಇದ್ದೀರಾ? ಎಲ್ಲೂ ಹೋಗ್ಬ್ಯಾಡಿ" ಎನ್ನುತ್ತಾಳೆ. ಅದನ್ನು ಕತ್ತರಿಸಿದ್ದೀರಿ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನಗೆಂದೇ ಆಡಿದ ಮಾತು ಬೇರೆಲ್ಲೂ ಉಳಿದಿಲ್ಲ. ಸಂಜೆ ಹುಣಸೆ ಮಂಡಿಯಿಂದ ಬಂದು ಬೀಗ ತೆಗೆದರೆ, ಬಂದ್ರಾ ಅನ್ನುವವರಿಲ್ಲ. ಈ ಒಂಟಿತನ ನನ್ನ ಕೈಲಿ ತಡೆಯಲಾಗುತ್ತಿಲ್ಲ.

ಹಾಡು ನಿಮ್ಮವೇ ಇರಲಿ. ಎಂಟನ್ನೂ ಅಳಿಸಿ, ಬೇಕಾದರೆ ಇನ್ನೂ ಹತ್ತು ಗುರುತು ಹಾಕಿ. ಆ ಒಂದು ಮಾತು ಉಳಿಸಿ ಸೀಡಿ ಕಳಿಸಿಕೊಡಿ.

ಇಂತಿ,
ಅವಳು ಹೇಳಿದಂತೆ ಎಲ್ಲೂ ಹೋಗದೆ ಕೂತಿರುವ
ಅಮರೇಶಪ್ಪ, ಹಿಂದೂಪುರ