ಬರೀ ಉಪ್ಪುನೀರು

ಅಮ್ಮಾ,

ನೀನು ಹೋದ ಮೇಲೆ, ತೂಕ ಇಳಿಸುವ ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಕೊಂಡಿದ್ದೆ. ಅರ್ಧ ಜನಕ್ಕೆ ಔಷಧಿ, ಇನ್ನರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಚುಚ್ಚುವ ನರ್ಸಿಗೂ ಗೊತ್ತಿರಲಿಲ್ಲ. ನಾನಂತೂ ಇಳಿದೆ. ಬಟ್ಟೆಗಳೆಲ್ಲ ದೊಗಳೆಯಾದವು, ಲಿವರ್‌ನ ಕೊಬ್ಬೂ ಕರಗಿತು.

ಇವತ್ತು ಡಾಕ್ಟರು ಗುಟ್ಟು ಬಿಟ್ಟುಕೊಟ್ಟರು. "ನಿಮಗೆ ಕೊಟ್ಟಿದ್ದು ಉಪ್ಪುನೀರಮ್ಮ. ಊಟ ಏನಾದ್ರೂ ಬದಲಾಯಿಸಿದ್ರಾ?"

"ಇಲ್ವಲ್ಲ, ಅದೇ ಅಡುಗೆ" ಅಂದೆ. ಅವರಿಗೂ ತಲೆಬುಡ ತಿಳಿಯಲಿಲ್ಲ, ನನಗೂ. ನೀನಿದ್ದಿದ್ದರೆ, "ಮನೇಲಿ ಉಪ್ಪಿರಲಿಲ್ವೇನೇ?" ಎಂದು ನಗುತ್ತಿದ್ದೆ.

ಈಗ ಊಟಕ್ಕೆ ಕೂತಿದ್ದೆ. ಬಡಿಸಿಕೊಂಡದ್ದು ಮುಗಿಯುತ್ತಿದ್ದಂತೆ ಎಡಗೈ ತಾನಾಗಿಯೇ ತಟ್ಟೆಗೆ ಅಡ್ಡ ಬಂತು, ಸೌಟು ಹಿಡಿದು ಬರುವ ನಿನ್ನನ್ನು "ಸಾಕಮ್ಮಾ, ಸಾಕು" ಎಂದು ತಡೆಯುತ್ತಿದ್ದ ಹಾಗೆ.

ಕೈ ತೆಗೆದೆ. ತೆಗೆದು, ಸ್ವಲ್ಪ ಹೊತ್ತು ಕಾದೆ.